ಬೆಕ್ಕಿನ ಮೈಯಲ್ಲಿ ಉಣ್ಣೆ

ಬೆಕ್ಕು ಇಲ್ಲದ ಮನೆ ಹಳ್ಳಿಯಲ್ಲಿ ಅಪರೂಪ. ಕಣಜದ ಭತ್ತಕ್ಕೆ ಇಲಿ ಕಾಟ. ಅಡಿಕೆ ಅಟ್ಟದಲ್ಲಿ ಹೆಗ್ಗಣದ ಕಾಟ. ಬೆಕ್ಕು ಇದ್ದರೆ ಇವು ಸುಮ್ಮನಿರುತ್ತವೆ. ಅದಕ್ಕೇ ಮನೆಯವರು ಬೆಕ್ಕಿಗೆ ಒಂದು ತುತ್ತು ಅನ್ನ, ಒಂದು ಗುಟುಕು ಹಾಲು ಹಾಕುತ್ತಾರೆ. ಮಕ್ಕಳಂತೂ ಅದನ್ನು ಎತ್ತಿಕೊಂಡೇ ತಿರುಗುತ್ತವೆ. ರಾತ್ರಿ ಹಾಸಿಗೆಯಲ್ಲೂ ಮಲಗಿಸಿಕೊಳ್ಳುತ್ತವೆ.

ಆದರೆ ಬೆಕ್ಕು ಒಂದೇ ಕಡೆ ಇರುವ ಪ್ರಾಣಿ ಅಲ್ಲ. ಹಗಲು ಒಲೆ ಮುಂದೆ ಮಲಗುತ್ತದೆ. ಸಂಜೆ ಆಯಿತು ಅಂದರೆ ತೋಟಕ್ಕೆ ಹೋಗುತ್ತದೆ. ಬೇಲಿ ದಾಟುತ್ತದೆ. ಸೊಪ್ಪಿನ ಬೆಟ್ಟಕ್ಕೂ ಹೋಗಿ ಬರುತ್ತದೆ. ಹೋದಾಗ ಒಂದೇ ಹೋಗುತ್ತದೆ. ಬರುವಾಗ ಕೆಲವು ಸಲ ಜೊತೆಗೆ ನೆಂಟರನ್ನು ಕರೆದು ತರುತ್ತದೆ. ಕರೆಯದೇ ಬರುವ ಆ ನೆಂಟರೇ ಉಣ್ಣೆಗಳು.

ಇದು ಕಂಬಳಿ ನೇಯುವ ಉಣ್ಣೆ ಅಲ್ಲ. ರಕ್ತ ಹೀರುವ ಉಣ್ಣೆ. ಕೆಲವು ಊರಲ್ಲಿ ಇದನ್ನು ಉಣುಗು ಅನ್ನುತ್ತಾರೆ. ಕೆಲವು ಕಡೆ ಉಣ್ಣಿ ಅನ್ನುತ್ತಾರೆ. ಹೆಸರು ಬೇರೆ, ಹುಳ ಒಂದೇ.

ಉಣ್ಣೆಯನ್ನು ಹೇಗೆ ಗುರುತು ಹಿಡಿಯುವುದು? ಅದನ್ನು ಹೇಗೆ ಕೀಳುವುದು? ಏನು ಮಾಡಬಾರದು? ಇದನ್ನು ತಿಳಿಯೋಣ. ಮಲೆನಾಡಿನವರು ಇದನ್ನು ತಿಳಿಯಲೇಬೇಕು. ಯಾಕೆ ಅನ್ನುವುದನ್ನು ಮುಂದೆ ಓದುತ್ತೀರಿ.

ಉಣ್ಣೆ ಅಂದರೆ ಏನು?

ಉಣ್ಣೆಯನ್ನು ನಾವು ಹುಳ ಅನ್ನುತ್ತೇವೆ. ನಿಜವಾಗಿ ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಸೊಳ್ಳೆಗೆ ಆರು ಕಾಲು. ಹೇನಿಗೆ ಆರು ಕಾಲು. ಬೆಳೆದ ಉಣ್ಣೆಗೆ ಎಂಟು ಕಾಲು. ಅದಕ್ಕೆ ರೆಕ್ಕೆ ಇಲ್ಲ. ಹಾರಲು ಬರುವುದಿಲ್ಲ. ಚಿಗಟದ ಹಾಗೆ ನೆಗೆಯಲೂ ಬರುವುದಿಲ್ಲ. ನಿಧಾನವಾಗಿ ಹರಿದು ಹೋಗುತ್ತದೆ, ಅಷ್ಟೆ.

ಉಣ್ಣೆಗೆ ಊಟ ಅಂದರೆ ರಕ್ತ ಒಂದೇ. ದನ, ನಾಯಿ, ಬೆಕ್ಕು, ಇಲಿ, ಮಂಗ, ಹಕ್ಕಿ, ಮನುಷ್ಯ, ಯಾರ ರಕ್ತವಾದರೂ ಆದೀತು.

ಕಾಡಿನ ಉಣ್ಣೆಯ ಬಾಳಿನಲ್ಲಿ ನಾಲ್ಕು ಹಂತ ಇದೆ. ಮೊದಲು ಮೊಟ್ಟೆ. ಒಂದು ಹೆಣ್ಣು ಉಣ್ಣೆ ತರಗೆಲೆಯ ಅಡಿ, ನೆಲದ ಮೇಲೆ ಸಾವಿರಾರು ಮೊಟ್ಟೆ ಇಡುತ್ತದೆ. ಇಟ್ಟು ಸಾಯುತ್ತದೆ.

ಮೊಟ್ಟೆಯಿಂದ ಮರಿ ಬರುತ್ತದೆ. ಅದು ಗಸಗಸೆ ಕಾಳಿಗಿಂತಲೂ ಸಣ್ಣದು. ಈ ಮರಿಗೆ ಮಾತ್ರ ಆರೇ ಕಾಲು. ಅದು ಯಾವುದಾದರೂ ಪ್ರಾಣಿಯ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಪೊರೆ ಬಿಟ್ಟು ಎಳೆ ಉಣ್ಣೆ ಆಗುತ್ತದೆ. ಎಳೆ ಉಣ್ಣೆ ಸುಮಾರು ರಾಗಿ ಕಾಳಿನಷ್ಟು ಇರುತ್ತದೆ. ಈಗ ಎಂಟು ಕಾಲು ಬಂದಿರುತ್ತದೆ. ಅದು ಮತ್ತೊಂದು ಪ್ರಾಣಿಯ ರಕ್ತ ಕುಡಿದು ಮತ್ತೆ ಬೀಳುತ್ತದೆ. ಪುನಃ ಪೊರೆ ಬಿಟ್ಟು ದೊಡ್ಡ ಉಣ್ಣೆ ಆಗುತ್ತದೆ. ಆಗ ಸುಮಾರು ಎಳ್ಳಿನಷ್ಟು. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣೆಯನ್ನು ನೋಡಿದ್ದೀರಾ? ಬೂದು ಬಣ್ಣಕ್ಕೆ ತಿರುಗಿ, ಉಬ್ಬಿ, ಸಣ್ಣ ಹರಳು ಬೀಜದ ಹಾಗೆ ಕಾಣುತ್ತದೆ.

ಗಸಗಸೆ, ರಾಗಿ, ಎಳ್ಳು, ಹರಳು. ಈ ನಾಲ್ಕು ಕಾಳನ್ನು ನೆನಪಿಟ್ಟುಕೊಳ್ಳಿ. ಉಣ್ಣೆಯ ಅಳತೆ ಮರೆಯುವುದಿಲ್ಲ.

ಬೆಕ್ಕಿಗೆ ಹೇಗೆ ಹತ್ತುತ್ತದೆ?

ಉಣ್ಣೆ ಹುಲ್ಲಿನ ತುದಿಗೆ, ಗಿಡದ ಎಲೆಯ ಅಂಚಿಗೆ ಹತ್ತಿ ಕೂರುತ್ತದೆ. ಹಿಂದಿನ ಕಾಲಿನಲ್ಲಿ ಎಲೆ ಹಿಡಿದು, ಮುಂದಿನ ಕಾಲು ಚಾಚಿ ಕಾಯುತ್ತದೆ. ಬಸ್ಸಿಗೆ ಕೈ ಒಡ್ಡಿ ನಿಂತ ಹಾಗೆ! ಪ್ರಾಣಿ ಹತ್ತಿರ ಬಂದರೆ ಉಸಿರಿನಿಂದ, ಮೈಯ ಬಿಸಿಯಿಂದ ಅದಕ್ಕೆ ಗೊತ್ತಾಗುತ್ತದೆ. ಮೈ ತಾಗಿದ ಕೂಡಲೇ ರೋಮ ಹಿಡಿದು ಹತ್ತಿಬಿಡುತ್ತದೆ.

ಹತ್ತಿದ ಮೇಲೆ ತೆಳು ಚರ್ಮ ಇರುವ ಜಾಗ ಹುಡುಕುತ್ತದೆ. ಅಲ್ಲಿ ಬಾಯಿ ನಾಟುತ್ತದೆ. ಅದರ ಬಾಯಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳು ಇವೆ. ಮೀನಿನ ಗಾಳದ ಮುಳ್ಳು ಇರುತ್ತದಲ್ಲ, ಹಾಗೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಅನೇಕ ಜಾತಿಯ ಉಣ್ಣೆಗಳು ಬಾಯಿಯ ಸುತ್ತ ಅಂಟಿನಂಥ ಪದಾರ್ಥವನ್ನೂ ಬಿಡುತ್ತವೆ. ಗೋಡೆಗೆ ಸಿಮೆಂಟು ಹಾಕಿ ಗೂಟ ಕೂರಿಸಿದಂತೆ ಆಗುತ್ತದೆ.

ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ ಗುಣ ಇದೆ. ಅದಕ್ಕೇ ಉಣ್ಣೆ ಕಚ್ಚಿದ್ದು ಬೆಕ್ಕಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಹೀಗೆ ಕಚ್ಚಿಕೊಂಡು ಹಲವು ದಿನ ರಕ್ತ ಹೀರುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನೇ ಬಿದ್ದು ಹೋಗುತ್ತದೆ. ಎಲ್ಲಿ ಬೀಳುತ್ತದೆ? ಬೆಕ್ಕು ಎಲ್ಲಿ ಮಲಗಿರುತ್ತದೋ ಅಲ್ಲಿ. ಅದು ಜಗಲಿಯೂ ಆಗಬಹುದು. ಮಗುವಿನ ಹಾಸಿಗೆಯೂ ಆಗಬಹುದು.

ಎಲ್ಲಿ ಹುಡುಕಬೇಕು?

ಬೆಕ್ಕು ಶುಚಿಯಾದ ಪ್ರಾಣಿ. ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ. ಬೆನ್ನು, ಹೊಟ್ಟೆ, ಕಾಲುಗಳ ಮೇಲೆ ಹರಿಯುವ ಉಣ್ಣೆಯನ್ನು ಎಷ್ಟೋ ಸಲ ತಾನೇ ತೆಗೆದುಕೊಳ್ಳುತ್ತದೆ. ಆದರೆ ಅದರ ನಾಲಿಗೆ ತನ್ನ ತಲೆಗೆ, ಕುತ್ತಿಗೆಗೆ ಎಟಕುವುದಿಲ್ಲ. ಆದ್ದರಿಂದ ಉಣ್ಣೆ ಹೆಚ್ಚಾಗಿ ಅಲ್ಲೇ ಉಳಿಯುತ್ತದೆ.

ಮೊದಲು ಈ ಜಾಗ ನೋಡಿ: ಕಿವಿಯ ಒಳಗೆ, ಕಿವಿಯ ಹಿಂದೆ, ಕಣ್ಣಿನ ಸುತ್ತ, ಗದ್ದದ ಕೆಳಗೆ, ಕುತ್ತಿಗೆಯ ಸುತ್ತ. ಆಮೇಲೆ ಕಂಕುಳು, ತೊಡೆಯ ಸಂದು, ಬಾಲದ ಅಡಿ, ಕಾಲಿನ ಬೆರಳುಗಳ ಸಂದು ನೋಡಿ.

ನೋಡುವುದು ಹೇಗೆ? ಊಟ ಮಾಡಿ ತೂಕಡಿಸುವ ಹೊತ್ತು ಒಳ್ಳೆಯದು. ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಬೆರಳ ತುದಿಯಿಂದ ತಲೆಯಿಂದ ಬಾಲದವರೆಗೆ ನಿಧಾನವಾಗಿ ಸವರಿ. ಕಾಳಿನಂತೆ ಏನಾದರೂ ಕೈಗೆ ತಾಗಿದರೆ ರೋಮ ಸರಿಸಿ ನೋಡಿ. ಬೆಳಕು ಸಾಲದಿದ್ದರೆ ಬ್ಯಾಟರಿ ಹಿಡಿಯಿರಿ. ಕಾಡಿಗೆ ಹೋಗಿ ಬರುವ ಬೆಕ್ಕನ್ನು ದಿನಾ ಸಂಜೆ ಹೀಗೆ ನೋಡಬೇಕು.

ಉಣ್ಣೆಯೋ, ಬೇರೆಯೋ?

ಕೈಗೆ ಗಂಟು ತಾಗಿತು ಅಂತ ಕೂಡಲೇ ಕೀಳಬಾರದು. ಒಂದು ಮನೆಯಲ್ಲಿ ಅಜ್ಜಿ, ಮೊಮ್ಮಗಳು ಮಾತಾಡುವುದನ್ನು ಕೇಳಿ.

"ಅಜ್ಜಿ, ಇಲ್ನೋಡು! ಪುಟ್ಟಿ ಹೊಟ್ಟೆ ಮೇಲೆ ಉಣ್ಣೆ. ಒಂದಲ್ಲ, ಸಾಲಾಗಿ ಇದಾವೆ. ಚಿಮಟ ಕೊಡು, ಕಿತ್ತುಬಿಡ್ತೀನಿ."

"ತಡಿಯೇ ಮಗಾ, ಅವಸರ ಮಾಡ್ಬೇಡ. ಎಷ್ಟಿದಾವೆ ಎಣಿಸು."

"ಈ ಕಡೆ ನಾಲ್ಕು. ಆ ಕಡೆ ನಾಲ್ಕು."

"ಎರಡೂ ಕಡೆ ಜೋಡಿ ಜೋಡಿ ಇದಾವೆ ತಾನೇ? ಉಣ್ಣೆ ಎಲ್ಲಾದ್ರೂ ಹೀಗೆ ಲೆಕ್ಕ ಹಾಕಿ ಕೂರ್ತದಾ? ಅವು ಮೊಲೆ ತೊಟ್ಟು ಕಣೇ! ಕಿತ್ತಿದ್ರೆ ಪುಟ್ಟಿ ಗತಿ ಏನು?"

"ಅಯ್ಯೋ! ಗಂಡು ಬೆಕ್ಕಿಗೂ ಇರ್ತದಾ ಅಜ್ಜಿ?"

"ಅದಕ್ಕೂ ಇರ್ತದೆ. ಈಗ ಕಿವಿ ಹಿಂದೆ ನೋಡು. ಅಲ್ಲೊಂದು ಒಂಟಿ ಕಾಳು ಇದೆ."

"ಹೌದು. ಬೂದು ಬಣ್ಣ. ಬುಡದಲ್ಲಿ ಸಣ್ಣ ಕಾಲು ಕಾಣ್ತಾವೆ. ಅಲ್ಲಾಡ್ತಾ ಇದಾವೆ!"

"ಹಾಂ, ಅದು ಉಣ್ಣೆ."

ಅಜ್ಜಿ ಹೇಳಿದ್ದು ಸರಿ. ಮೊಲೆ ತೊಟ್ಟು ಹೊಟ್ಟೆಯ ಎರಡೂ ಬದಿ ಸಾಲಾಗಿ ಇರುತ್ತದೆ. ಅದು ಮೆತ್ತಗೆ, ಚರ್ಮದ ಬಣ್ಣದಲ್ಲೇ ಇರುತ್ತದೆ. ನರುಳ್ಳೆ ಚರ್ಮದಿಂದಲೇ ಬೆಳೆದಿರುತ್ತದೆ. ಗಾಯದ ಹಕ್ಕಳೆಗೆ ಆಕಾರ ಇರುವುದಿಲ್ಲ. ಇವು ಯಾವುದಕ್ಕೂ ಕಾಲು ಇರುವುದಿಲ್ಲ. ಉಣ್ಣೆಗೆ ಕಾಲು ಇರುತ್ತದೆ. ಸಂಶಯ ಬಂದರೆ ಭೂತಗನ್ನಡಿ ಹಿಡಿದು ಕಾಲು ಹುಡುಕಿ.

ಚಿಗಟಕ್ಕೂ ಉಣ್ಣೆಗೂ ವ್ಯತ್ಯಾಸ ಸುಲಭ. ಚಿಗಟ ರೋಮದ ನಡುವೆ ಓಡುತ್ತದೆ, ನೆಗೆಯುತ್ತದೆ. ಕಚ್ಚಿದ ಉಣ್ಣೆ ಒಂದೇ ಕಡೆ ಅಂಟಿಕೊಂಡಿರುತ್ತದೆ.

ಕೀಳುವ ಮೊದಲು

ಈ ಸಾಮಾನು ಹತ್ತಿರ ಇಟ್ಟುಕೊಳ್ಳಿ: ಮುಳ್ಳು ಕೀಳುವ, ತುದಿ ಚೂಪಾಗಿರುವ ಚಿಮಟ. ಒಂದು ಹಳೇ ಟವೆಲ್. ಕೈಗೆ ಹಾಕಲು ರಬ್ಬರ್ ಗ್ಲೌಸ್, ಅದು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲ. ಮುಚ್ಚಳ ಇರುವ ಸಣ್ಣ ಡಬ್ಬಿ, ಅದರಲ್ಲಿ ಗಟ್ಟಿ ಸೋಪಿನ ನೀರು ಅಥವಾ ಸ್ಪಿರಿಟ್.

ಇಬ್ಬರು ಇದ್ದರೆ ಕೆಲಸ ಸುಲಭ. ಒಬ್ಬರು ಬೆಕ್ಕನ್ನು ಹಿಡಿಯಬೇಕು. ಒಬ್ಬರು ಕೀಳಬೇಕು. ಬೆಕ್ಕಿಗೆ ಟವೆಲ್ ಸುತ್ತಿ. ನಾಲ್ಕು ಕಾಲೂ ಒಳಗಿರಲಿ, ತಲೆ ಮಾತ್ರ ಹೊರಗಿರಲಿ. ಬಿಗಿಯಾಗಿ ಅದುಮಬೇಡಿ. ಮೆಲ್ಲಗೆ ಮಾತಾಡಿಸುತ್ತಾ ಇರಿ. ತೀರಾ ಸಿಟ್ಟು ಮಾಡಿದರೆ ಬಿಟ್ಟುಬಿಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ ಅಲಕ್ಷ್ಯ ಮಾಡಬೇಡಿ. ನಾಯಿಯಿಂದ ಬರುವ ರೇಬಿಸ್ ಬೆಕ್ಕಿನಿಂದಲೂ ಬರಬಹುದು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಕೀಳುವ ಬಗೆ

1. ಕೈಗೆ ಗ್ಲೌಸ್ ಹಾಕಿಕೊಳ್ಳಿ.

2. ಉಣ್ಣೆಯ ಸುತ್ತಲಿನ ರೋಮ ಸರಿಸಿ. ಚರ್ಮ ಚೆನ್ನಾಗಿ ಕಾಣಲಿ.

3. ಚಿಮಟದಿಂದ ಉಣ್ಣೆಯ ಬಾಯಿಯ ಹತ್ತಿರ ಹಿಡಿಯಿರಿ. ಚಿಮಟದ ತುದಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಇರಲಿ. ಉಬ್ಬಿದ ಹೊಟ್ಟೆಯನ್ನು ಹಿಡಿಯಬೇಡಿ. ಹೊಟ್ಟೆ ಒತ್ತಿದರೆ ಅದರೊಳಗಿನ ದ್ರವ ಗಾಯದೊಳಗೆ ಹೋಗಬಹುದು.

4. ನೇರವಾಗಿ ಮೇಲಕ್ಕೆ ಎಳೆಯಿರಿ. ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ತಿರುಚಬೇಡಿ. ಜಗ್ಗಬೇಡಿ. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ಹೆದರಬೇಡಿ. ಕೆಲವು ಕ್ಷಣದಲ್ಲಿ ಉಣ್ಣೆ ಹಿಡಿತ ಬಿಡುತ್ತದೆ.

5. ಕಿತ್ತ ಉಣ್ಣೆಯನ್ನು ಡಬ್ಬಿಯ ಸೋಪಿನ ನೀರಿಗೆ ಅಥವಾ ಸ್ಪಿರಿಟ್‌ಗೆ ಹಾಕಿ ಮುಚ್ಚಳ ಮುಚ್ಚಿ. ಸೋಪಿನ ನೀರಿನಲ್ಲಿ ಅದು ಬೇಗ ಸಾಯುವುದಿಲ್ಲ. ಒಂದು ದಿನ ಹಾಗೇ ಬಿಡಿ.

6. ಕಚ್ಚಿದ ಜಾಗವನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ. ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಚಿಮಟವನ್ನು ತೊಳೆಯಿರಿ. ನಿಮ್ಮ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಚಿಮಟ ಇಲ್ಲವೇ? ಹೊಲಿಗೆ ದಾರ ಸಾಕು. ದಾರದಲ್ಲಿ ಸಣ್ಣ ಕುಣಿಕೆ ಮಾಡಿ. ಅದನ್ನು ಉಣ್ಣೆಯ ಬಾಯಿಯ ಬುಡಕ್ಕೆ, ಚರ್ಮಕ್ಕೆ ತಾಗುವ ಹಾಗೆ ಇಳಿಸಿ. ಮೆಲ್ಲಗೆ ಬಿಗಿಯಿರಿ. ನೇರ ಮೇಲಕ್ಕೆ ಎಳೆಯಿರಿ.

ಕೆಲವು ಸಲ ಬಾಯಿಯ ಚೂರು ಚರ್ಮದೊಳಗೆ ಉಳಿಯುತ್ತದೆ. ಕಪ್ಪು ಚುಕ್ಕಿಯ ಹಾಗೆ ಕಾಣುತ್ತದೆ. ಸುಲಭವಾಗಿ ಬಂದರೆ ಚಿಮಟದಿಂದ ತೆಗೆಯಿರಿ. ಬಾರದಿದ್ದರೆ ಬಿಟ್ಟುಬಿಡಿ. ಸೂಜಿ, ಪಿನ್ನು ಹಾಕಿ ಕೆದಕಬೇಡಿ. ಚರ್ಮ ತಾನೇ ಅದನ್ನು ಹೊರಗೆ ತಳ್ಳುತ್ತದೆ.

ಕಿತ್ತ ಜಾಗದಲ್ಲಿ ಸೊಳ್ಳೆ ಕಚ್ಚಿದಂತೆ ಸಣ್ಣ ಗಂಟು ಏಳಬಹುದು. ಕೆಲವು ದಿನದಲ್ಲಿ ಅದು ಇಳಿಯುತ್ತದೆ. ಇಳಿಯದೆ ಕೆಂಪಾಗಿ ಬಾತರೆ, ಕೀವು ಕಟ್ಟಿದರೆ ಪಶುವೈದ್ಯರಿಗೆ ತೋರಿಸಿ. ಬೆಕ್ಕು ಊಟ ಬಿಟ್ಟರೆ, ಮಂಕಾದರೆ, ಒಸಡು ಬೆಳ್ಳಗಾದರೆ ತಡ ಮಾಡಬೇಡಿ. ಒಸಡು ಬೆಳ್ಳಗಾದರೆ ರಕ್ತ ಕಡಿಮೆ ಆಗಿರಬಹುದು. ಮರಿಯ ಮೈಯಲ್ಲಿ ರಕ್ತ ಇರುವುದೇ ಸ್ವಲ್ಪ. ಹತ್ತಿಪ್ಪತ್ತು ಉಣ್ಣೆ ಹತ್ತಿದರೆ ಅದರ ಜೀವಕ್ಕೇ ಅಪಾಯ.

ಇದನ್ನು ಮಾಡಬೇಡಿ

ನಮ್ಮಲ್ಲಿ ಹಿಂದಿನಿಂದ ಬಂದ ಕೆಲವು ರೂಢಿಗಳಿವೆ. ಬೀಡಿಯ ಬೆಂಕಿ ಮುಟ್ಟಿಸುವುದು. ಸೀಮೆಎಣ್ಣೆ ಬಿಡುವುದು. ಸುಣ್ಣ ಹಚ್ಚುವುದು. ಹೊಗೆಸೊಪ್ಪಿನ ರಸ ಹಾಕುವುದು. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಮುಟ್ಟಿಸಿದರೆ ಅದು ಬಿಡುತ್ತದೆ. ಉಣ್ಣೆಗೂ ಅದನ್ನೇ ಮಾಡೋಣ ಅನ್ನಿಸುವುದು ಸಹಜ. ಆದರೆ ಉಣ್ಣೆ ಇಂಬಳ ಅಲ್ಲ. ಬಾಯಿ ನೆಟ್ಟು ಅಂಟಿಕೊಂಡ ಉಣ್ಣೆ ಅಷ್ಟು ಬೇಗ ಬಿಡಲಾರದು. ಸಂಕಟಕ್ಕೆ ಜೊಲ್ಲನ್ನು, ಹೊಟ್ಟೆಯಲ್ಲಿದ್ದ ದ್ರವವನ್ನು ಗಾಯದೊಳಗೆ ಕಾರಬಹುದು. ರೋಗದ ವಿಷಾಣು ಇದ್ದರೆ ಅದೂ ಒಳಗೆ ಹೋಗುತ್ತದೆ. ಬೆಂಕಿಯಿಂದ ಬೆಕ್ಕಿನ ಚರ್ಮ ಸುಡುತ್ತದೆ. ಸೀಮೆಎಣ್ಣೆ ನೆಕ್ಕಿದರೆ ಅದಕ್ಕೆ ವಿಷ.

ಉಣ್ಣೆಯನ್ನು ಉಗುರಿನಲ್ಲಿ ಚಿವುಟಿ ಕೊಲ್ಲಬೇಡಿ. ಬೆರಳಲ್ಲಿ ಹೊಸಕಬೇಡಿ. ಬರಿಗಾಲಲ್ಲಿ ತುಳಿಯಬೇಡಿ. ಟಪ್ ಅಂತ ಒಡೆಯುವುದು ಮಕ್ಕಳಿಗೆ ಆಟ. ಆದರೆ ಒಡೆದ ಉಣ್ಣೆಯ ರಸ ಕೈಯ ಗಾಯಕ್ಕೆ, ಕಣ್ಣಿಗೆ ತಾಗಿದರೆ ರೋಗ ಬರಬಹುದು. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಮದ್ದಿನ ವಿಷಯದಲ್ಲಿ ಎಚ್ಚರ

ಉಣ್ಣೆಯಿಂದ ಸಾಯುವ ಬೆಕ್ಕಿಗಿಂತ ಉಣ್ಣೆಯ ಮದ್ದಿನಿಂದ ಕಷ್ಟಪಡುವ ಬೆಕ್ಕಿನ ಕಥೆ ಹೆಚ್ಚು ದುಃಖದ್ದು. ಯಾಕೆಂದರೆ ಅದನ್ನು ಪ್ರೀತಿಯಿಂದ ಮಾಡಿರುತ್ತೇವೆ.

ನಾಯಿಗೆ ಹಾಕುವ ಉಣ್ಣೆ ಮದ್ದು ಮನೆಯಲ್ಲಿ ಇರುತ್ತದೆ. ದನಕ್ಕೆ ಹಚ್ಚುವ ಮದ್ದು ಕೊಟ್ಟಿಗೆಯಲ್ಲಿ ಇರುತ್ತದೆ. ನಾಯಿಗೆ ಆಗುವುದು ಬೆಕ್ಕಿಗೆ ಆಗದೇ? ಸ್ವಲ್ಪ ಕಡಿಮೆ ಹಾಕಿದರಾಯಿತು ಅಂದುಕೊಳ್ಳುತ್ತೇವೆ. ಇದು ತಪ್ಪು. ಬೆಕ್ಕಿನ ದೇಹದ ರೀತಿಯೇ ಬೇರೆ. ಕೆಲವು ಮದ್ದುಗಳನ್ನು ನಾಯಿಯ ಲಿವರ್ ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಕಡಿಮೆ. ಅದರ ಮೇಲೆ ಬೆಕ್ಕು ಮೈ ನೆಕ್ಕುತ್ತದೆ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಪರ್ಮೆತ್ರಿನ್ ಎಂಬ ಮದ್ದು ನಾಯಿಯ ಉಣ್ಣೆ ಮದ್ದಿನಲ್ಲಿ ಇರುವುದುಂಟು. ಅದು ಬೆಕ್ಕಿಗೆ ಕಡು ವಿಷ. ದನಕ್ಕೆ ಹಚ್ಚುವ ಡೆಲ್ಟಾಮೆತ್ರಿನ್ ಅದೇ ಜಾತಿಯ ಮದ್ದು. ಅಮಿಟ್ರಾಜ್ ಎಂಬುದೂ ಬೆಕ್ಕಿಗೆ ಆಗದು. ಫಿನೈಲ್, ಡೆಟಾಲ್ ಕೂಡ ಬೆಕ್ಕಿನ ಮೈಗೆ ಹಾಕಬಾರದು. ಹಿಂದೆ ಬಿ.ಎಚ್.ಸಿ. ಪುಡಿ ಉದುರಿಸುತ್ತಿದ್ದರು. ಅದನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ.

ಹಾಗಾದರೆ ಮದ್ದೇ ಇಲ್ಲವೇ? ಇದೆ. ಬೆಕ್ಕಿಗೆಂದೇ ಮಾಡಿದ ಹನಿ ಮದ್ದು ಸಿಗುತ್ತದೆ. ಅದನ್ನು ಕುತ್ತಿಗೆಯ ಹಿಂದೆ, ನಾಲಿಗೆ ಎಟಕದ ಕಡೆ ಬಿಡಬೇಕು. ಎಷ್ಟು ಹನಿ, ಎಷ್ಟು ದಿನಕ್ಕೊಮ್ಮೆ ಎಂಬುದು ಬೆಕ್ಕಿನ ತೂಕ, ವಯಸ್ಸಿನ ಮೇಲೆ ಹೋಗುತ್ತದೆ. ಪಶುವೈದ್ಯರನ್ನು ಕೇಳಿಯೇ ಹಾಕಬೇಕು.

ಈಗ ನಿಮಗೆ ಓದು ಬಂದಿದೆ. ಅದನ್ನು ಇಲ್ಲಿ ಬಳಸಿ. ಮದ್ದಿನ ಪೊಟ್ಟಣ ತಿರುಗಿಸಿ ನೋಡಿ. ಯಾವ ಪ್ರಾಣಿಗೆ ಅಂತ ಬರೆದಿದೆ? ಚಿತ್ರದಲ್ಲಿ ನಾಯಿ ಇದೆಯೋ, ಬೆಕ್ಕು ಇದೆಯೋ? ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಅಂಗಡಿಯವರು ಹೇಳಿದರು ಅಂತ ಸುಮ್ಮನೆ ತರಬೇಡಿ.

ತಪ್ಪಿ ಬೇರೆ ಮದ್ದು ಹಾಕಿದ್ದೀರಾ? ಬೆಕ್ಕು ಜೊಲ್ಲು ಸುರಿಸುತ್ತಿದೆಯಾ? ನಡುಗುತ್ತಿದೆಯಾ? ಫಿಟ್ಸ್ ಬಂದ ಹಾಗೆ ಆಡುತ್ತಿದೆಯಾ? ಮದ್ದು ಮೈಯಿಂದ ಹೋಗುವ ಹಾಗೆ ಉಗುರು ಬೆಚ್ಚಗಿನ ನೀರು, ಸೋಪಿನಿಂದ ತೊಳೆಯಿರಿ. ಬಟ್ಟೆ ಸುತ್ತಿ ಬೆಚ್ಚಗೆ ಇಡಿ. ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಆ ಮದ್ದಿನ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಮಲೆನಾಡಿನವರಿಗೆ ಯಾಕೆ ಹೆಚ್ಚು ಎಚ್ಚರ?

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಕಾಡು ಇದೆ. 1957ರಲ್ಲಿ ಅಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಸುತ್ತಲಿನ ಊರಿನ ಜನರಿಗೂ ವಿಪರೀತ ಜ್ವರ ಬಂತು. ಪರೀಕ್ಷೆ ಮಾಡಿದಾಗ ಹೊಸ ವಿಷಾಣು ಸಿಕ್ಕಿತು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ಜನ ಅದನ್ನು ಮಂಗನ ಕಾಯಿಲೆ ಅನ್ನುತ್ತಾರೆ.

ಹೆಸರು ಮಂಗನದು. ಆದರೆ ಹರಡುವುದು ಉಣ್ಣೆ. ವಿಷಾಣು ಇರುವ ಉಣ್ಣೆ ಕಚ್ಚಿದರೆ ಮಂಗಕ್ಕೂ ಕಾಯಿಲೆ, ಮನುಷ್ಯನಿಗೂ ಕಾಯಿಲೆ. ಮಂಗ ಸತ್ತಾಗ ಅದರ ಮೈಯ ಉಣ್ಣೆಗಳು ಕೆಳಗೆ ಇಳಿದು ಸುತ್ತ ಹರಡುತ್ತವೆ. ಆ ಜಾಗ ತುಂಬ ಅಪಾಯದ್ದು.

ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕಂಡಿದೆ. 2012ರಲ್ಲಿ ಬಂಡೀಪುರದ ಕಡೆಯೂ ಕಂಡಿತು. ಆಮೇಲೆ ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಣಿಸಿತು. 2018ರ ಕೊನೆಗೆ, 2019ರ ಮೊದಲಿಗೆ ಸಾಗರ ತಾಲೂಕಿನ ಅರಲಗೋಡು ಸುತ್ತ ಹಲವರು ಇದರಿಂದ ತೀರಿಕೊಂಡರು.

ಮಳೆ ಹೋಗಿ ಚಳಿ ಶುರುವಾದ ಮೇಲೆ ಎಳೆ ಉಣ್ಣೆಗಳು ಹೆಚ್ಚು. ರಾಗಿ ಕಾಳಿನಷ್ಟು ಇರುತ್ತವೆ ಅಂದೆವಲ್ಲ, ಅವೇ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಅವು. ಆದ್ದರಿಂದ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಈ ಕಾಯಿಲೆ ಹೆಚ್ಚು. ಇದೇ ಹೊತ್ತಿಗೆ ನಾವು ತರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುತ್ತೇವೆ.

ಬೆಕ್ಕಿಗೆ ಹತ್ತಿದ ಪ್ರತಿ ಉಣ್ಣೆಯಲ್ಲೂ ಈ ವಿಷಾಣು ಇರುವುದಿಲ್ಲ. ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಆದರೆ ಯಾವ ಉಣ್ಣೆಯಲ್ಲಿ ರೋಗ ಇದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಪ್ರತಿ ಉಣ್ಣೆಯನ್ನೂ ಎಚ್ಚರದಿಂದ ಕೀಳಬೇಕು.

ಉಣ್ಣೆ ಕಚ್ಚಿ 3ರಿಂದ 8 ದಿನದಲ್ಲಿ ಕಾಯಿಲೆ ಕಾಣಿಸುತ್ತದೆ. ಇದ್ದಕ್ಕಿದ್ದ ಹಾಗೆ ಚಳಿ ಜ್ವರ ಬರುತ್ತದೆ. ತಲೆ ಸಿಡಿಯುತ್ತದೆ. ಮೈ ಕೈ, ಸೊಂಟ ನೋಯುತ್ತದೆ. ಕಣ್ಣು ಕೆಂಪಾಗುತ್ತದೆ. ವಾಂತಿ, ಭೇದಿ ಆಗಬಹುದು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ ಬರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯಬಹುದು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಮಾಡಬೇಡಿ.

ವಿಷಾಣುವನ್ನೇ ಕೊಲ್ಲುವ ಮದ್ದು ಇನ್ನೂ ಬಂದಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಗುಣ ಆಗುತ್ತಾರೆ. 1990ರಿಂದ ಇದಕ್ಕೆ ಒಂದು ಲಸಿಕೆ ಹಾಕುತ್ತಿದ್ದರು. ಅದರ ಶಕ್ತಿ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಪ್ರಯತ್ನ ನಡೆದಿದೆ. ಆದ್ದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ.

ನಿಮ್ಮ ಮೈಗೆ ಉಣ್ಣೆ ಕಚ್ಚಿದ್ದರೆ ಅದನ್ನೂ ಇದೇ ರೀತಿ ಚಿಮಟದಿಂದ ಕೀಳಿ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. "ಉಣ್ಣೆ" ಎಂದು ನಿಮ್ಮ ಕೈಯಲ್ಲೇ ಬರೆಯಿರಿ. ಆಮೇಲೆ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ. "ಇಂಥ ದಿನ ಉಣ್ಣೆ ಕಚ್ಚಿತ್ತು" ಎಂದು ವೈದ್ಯರಿಗೆ ಹೇಳಿ. ಆ ಒಂದು ಮಾತು ನಿಮ್ಮ ಜೀವ ಉಳಿಸಬಹುದು.

ಕಾಡಿಗೆ ಹೋಗುವವರಿಗೆ ಆಶಾ ಕಾರ್ಯಕರ್ತೆಯರು ಡೆಪಾ ಎಣ್ಣೆ ಕೊಡುತ್ತಾರೆ. ಅದನ್ನು ಕೈಕಾಲಿಗೆ ಹಚ್ಚಿ ಹೋಗಬೇಕು. ಮೈ ಮುಚ್ಚುವ ಬಟ್ಟೆ ಹಾಕಬೇಕು. ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಆದರೆ ನೋಡಿ, ಆ ಎಣ್ಣೆ ಮನುಷ್ಯರಿಗೆ ಮಾತ್ರ. ಬೆಕ್ಕಿಗೆ ಹಚ್ಚಬೇಡಿ. ನೆಕ್ಕಿ ಹೊಟ್ಟೆಗೆ ಹೋಗುತ್ತದೆ.

ಸತ್ತ ಮಂಗ ಕಂಡರೆ ಮುಟ್ಟಬೇಡಿ. ಹತ್ತಿರ ಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ, ಪಂಚಾಯಿತಿಗೆ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ನಾಯಿ, ಬೆಕ್ಕು ಆ ಕಡೆ ಹೋಗದಂತೆ ಮನೆಯಲ್ಲೇ ಇಟ್ಟುಕೊಳ್ಳಿ.

ಮನೆ ಸುತ್ತ

ಬೆಕ್ಕು ಮಲಗುವ ಗೋಣಿ, ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮನೆಯ ಸುತ್ತ ಹುಲ್ಲು ಬೆಳೆಯಲು ಬಿಡಬೇಡಿ. ತರಗಿನ ರಾಶಿ, ಸೌದೆ ರಾಶಿ ಬಾಗಿಲ ಹತ್ತಿರ ಬೇಡ. ಬೆಕ್ಕಿಗೆ ತರಗಿನ ರಾಶಿ ಬೆಚ್ಚಗಿನ ಹಾಸಿಗೆ. ಉಣ್ಣೆಗೂ ಅದೇ ಮನೆ. ನಾಯಿ ಇದ್ದರೆ ಅದನ್ನೂ ನೋಡಿ. ನಾಯಿಯ ಉಣ್ಣೆ ಗೋಡೆಯ ಬಿರುಕಿನಲ್ಲೂ ಸೇರಿಕೊಂಡು ಮೊಟ್ಟೆ ಇಡುತ್ತದೆ. ಬಿರುಕುಗಳನ್ನು ಮುಚ್ಚಿ. ಉಣ್ಣೆಯ ಕಾಲದಲ್ಲಿ ಬೆಕ್ಕಿಗೆ ಬೇರೆ ಹಾಸಿಗೆ ಕೊಡಿ. ಮಕ್ಕಳ ಜೊತೆ ಮಲಗಿಸಬೇಡಿ.

ನೆನಪಿಡಿ

- ದಿನಾ ಸಂಜೆ ಬೆಕ್ಕಿನ ಕಿವಿ, ಕುತ್ತಿಗೆ, ಗದ್ದ ನೋಡಿ.
- ಕಾಲು ಕಂಡರೆ ಉಣ್ಣೆ. ಕಾಲು ಕಾಣದಿದ್ದರೆ ಕೀಳಬೇಡಿ.
- ಬಾಯಿಯ ಬುಡದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ.
- ಬೆಂಕಿ, ಸೀಮೆಎಣ್ಣೆ, ಸುಣ್ಣ ಬೇಡ. ಉಗುರಲ್ಲಿ ಒಡೆಯುವುದು ಬೇಡ.
- ನಾಯಿಯ ಮದ್ದು, ದನದ ಮದ್ದು ಬೆಕ್ಕಿಗೆ ವಿಷ ಆಗಬಹುದು.
- ಉಣ್ಣೆ ಕಚ್ಚಿದ ಮೇಲೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ.

ಹೇಳಿ ನೋಡೋಣ

1. ಉಣ್ಣೆ ಬೆಕ್ಕಿನ ತಲೆ, ಕುತ್ತಿಗೆಯಲ್ಲೇ ಹೆಚ್ಚು ಉಳಿಯುವುದು ಯಾಕೆ?
2. ಉಣ್ಣೆಯ ಹೊಟ್ಟೆ ಹಿಡಿದು ಎಳೆದರೆ ಏನಾಗುತ್ತದೆ?
3. ನಿಮ್ಮ ಮನೆಯಲ್ಲಿ ಇರುವ ಉಣ್ಣೆ ಮದ್ದಿನ ಪೊಟ್ಟಣ ತನ್ನಿ. ಅದು ಯಾವ ಪ್ರಾಣಿಗೆ ಎಂದು ಓದಿ ಹೇಳಿ.
4. ನಿಮ್ಮ ಕೇರಿಯಲ್ಲಿ ಬೆಕ್ಕು ಸಾಕಿದ, ಓದು ಬಾರದ ಒಬ್ಬರಿಗೆ ಈ ಪಾಠ ಓದಿ ಹೇಳಿ.